ಒಂದು ಹಾಲೂಡಿಕೆಯನ್ನು ನೋಡುವುದು, ಬರೆಯುವುದು: ಸ್ತನ್ಯಪಾನ ಸಲಹೆಗಾರರಿಗೆ ಹಂತ ಹಂತದ ಮಾರ್ಗದರ್ಶಿ

"ಹಾಲು ಕಡಿಮೆ. ಲ್ಯಾಚ್ ಸರಿ ಇಲ್ಲ. ಸಲಹೆ ನೀಡಲಾಗಿದೆ."

ಹೊಸ ಸಲಹೆಗಾರರ ನೋಟ್‌ಗಳಲ್ಲಿ ಪದೇ ಪದೇ ಕಾಣುವ ಮೂರು ಸಾಲು ಇವು. (ಲ್ಯಾಚ್ ಅಂದರೆ ಮಗು ಎದೆಗೆ ಬಾಯಿ ಹಾಕಿ ಹಿಡಿಯುವ ರೀತಿ.) ಮುಂದಿನ ಪಾಳಿಗೆ ಬಂದವರು ಇದನ್ನು ಓದಿ ಏನು ಮಾಡಬೇಕು? ಯಾವ ಎದೆ, ಮಗುವಿಗೆ ಎಷ್ಟು ಗಂಟೆ ವಯಸ್ಸು, ಹಾಲು ಕಡಿಮೆ ಅಂತ ಗೊತ್ತಾಗಿದ್ದು ಹೇಗೆ, ಏನು ಸಲಹೆ ಕೊಟ್ಟಿರಿ? ಒಂದಕ್ಕೂ ಉತ್ತರ ಇಲ್ಲ. ಬರೆಯಲು ಬಾರದೆ ಹೀಗಾಗುವುದು ಅಪರೂಪ. ನೋಡುವ ಕ್ರಮವೇ ತಪ್ಪಿರುತ್ತದೆ. ಕೋಣೆಗೆ ಹೋದ ತಕ್ಷಣ ಕೈ ಎದೆಯ ಕಡೆ ಹೋಗುತ್ತದೆ. ಮಗುವನ್ನು ನೋಡುವುದು, ತಾಯಿಯನ್ನು ಕೇಳುವುದು, ಪೂರ್ತಿ ಒಂದು ಸಲ ಹಾಲು ಕುಡಿಸುವುದನ್ನು ಗಮನಿಸುವುದು ಎಲ್ಲಾ ಬಿಟ್ಟುಹೋಗುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಜೊತೆಗೆ ಇಟ್ಟುಕೊಳ್ಳಬೇಕಾದ್ದು

ಸೆಕೆಂಡ್ ತೋರಿಸುವ ಗಡಿಯಾರ, ಡಿಜಿಟಲ್ ಥರ್ಮಾಮೀಟರ್, ಮಗುವಿನ ತೂಕದ ಡಿಜಿಟಲ್ ತಕ್ಕಡಿ, ಒಂದು ಗೊಂಬೆ, ಬಟ್ಟೆಯಲ್ಲಿ ಮಾಡಿದ ಎದೆಯ ಮಾದರಿ, ಸಣ್ಣ ಬಟ್ಟಲು, ಚಮಚ, ನೋಟ್‌ಬುಕ್. ಇಷ್ಟು ಸಾಕು. ಗೊಂಬೆ ಮತ್ತು ಬಟ್ಟೆಯ ಎದೆ ಮಕ್ಕಳಾಟ ಅನ್ನಿಸಬಹುದು. ಆದರೆ ತಾಯಿಯ ಮೈ ಮುಟ್ಟದೆ ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಳಗೆ ಹೋಗುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

## ಹಂತ 1: ಮೊದಲು ಮಗು, ಆಮೇಲೆ ಎದೆ

ಲ್ಯಾಚ್ ತಿದ್ದುತ್ತಾ ಅರ್ಧ ಗಂಟೆ ಕಳೆದ ಮೇಲೆ ಮಗುವಿಗೆ ಸೋಂಕು ಇತ್ತು ಅಂತ ಗೊತ್ತಾದರೆ ಆ ಅರ್ಧ ಗಂಟೆ ವಾಪಸ್ ಬರುವುದಿಲ್ಲ. ಹಾಲು ಕುಡಿಯದೆ ಇರುವುದು ಕಾಯಿಲೆಯ ಮೊದಲ ಲಕ್ಷಣವೂ ಆಗಿರಬಹುದು. ನಿನ್ನೆಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಇವತ್ತು ಬಾಯಿಯೇ ತೆರೆಯುತ್ತಿಲ್ಲ ಅಂದರೆ, ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು.

ಮಗು ಸುಮ್ಮನಿರುವಾಗಲೇ ಉಸಿರು ಎಣಿಸಿ. ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ನೋಡಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯುವುದಿಲ್ಲ. ಹಸುಗೂಸಿನ ಉಸಿರು ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ಹೋಗುತ್ತಿರುತ್ತದೆ. ಎಣಿಕೆ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಅದು ಅಪಾಯದ ಲಕ್ಷಣ.

ಈ ಕೆಳಗಿನ ಯಾವುದೇ ಒಂದು ಕಂಡರೂ ಸಲಹೆ ಅಲ್ಲಿಗೇ ನಿಲ್ಲಿಸಿ, ಮಗುವನ್ನು ತಕ್ಷಣ ವೈದ್ಯರ ಬಳಿ ಕಳಿಸಿ:

- ಹಾಲು ಕುಡಿಯುವುದನ್ನು ನಿಲ್ಲಿಸಿದೆ, ಅಥವಾ ಎಬ್ಬಿಸಿದರೂ ಸರಿಯಾಗಿ ಕುಡಿಯುತ್ತಿಲ್ಲ
- ಫಿಟ್ಸ್ ಬಂದಿದೆ
- ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಇಲ್ಲವೇ ಉಸಿರೆಳೆಯುವಾಗ ಎದೆಗೂಡಿನ ಕೆಳಭಾಗ ಆಳವಾಗಿ ಒಳಗೆ ಹೋಗುತ್ತಿದೆ
- ಕಂಕುಳಿನಲ್ಲಿ ನೋಡಿದ ತಾಪಮಾನ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ, ಇಲ್ಲವೇ 35.5ಕ್ಕಿಂತ ಕೆಳಗೆ
- ಮುಟ್ಟಿ ಎಬ್ಬಿಸಿದರೆ ಮಾತ್ರ ಕೈಕಾಲು ಆಡಿಸುತ್ತದೆ, ಅಥವಾ ಆಡಿಸುವುದೇ ಇಲ್ಲ
- ಹುಟ್ಟಿದ 24 ಗಂಟೆಯೊಳಗೆ ಕಾಮಾಲೆ, ಅಥವಾ ಯಾವಾಗಲೇ ಆಗಲಿ ಅಂಗೈ ಅಂಗಾಲು ಹಳದಿ
- ಹಸಿರು ಬಣ್ಣದ ವಾಂತಿ
- ಹೊಕ್ಕುಳ ಸುತ್ತ ಕೆಂಪು ಹರಡುತ್ತಿದೆ, ಅಥವಾ ಕೀವು ಬರುತ್ತಿದೆ

ಕಾಮಾಲೆಯ ಬಗ್ಗೆ ಒಂದು ಎಚ್ಚರಿಕೆ. ಕಣ್ಣಳತೆಯಲ್ಲಿ "ಸ್ವಲ್ಪ ಇದೆ", "ಪರವಾಗಿಲ್ಲ" ಅಂತ ಹೇಳಬೇಡಿ. ಮೈಬಣ್ಣ ಗಾಢವಾಗಿದ್ದರೆ ಚರ್ಮದಲ್ಲಿ ಹಳದಿ ಕಾಣುವುದೇ ಕಷ್ಟ. ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ ಮತ್ತು ಒಸಡು ನೋಡಿ. ಅನುಮಾನ ಬಂದರೆ ಬಿಲಿರುಬಿನ್ (ಕಾಮಾಲೆಯ ಹಳದಿಗೆ ಕಾರಣವಾದ ವಸ್ತು) ಪರೀಕ್ಷೆಗೆ ಕಳಿಸಿ. ಬಿಸಿಲಿಗೆ ಹಿಡಿಯುವುದು ಚಿಕಿತ್ಸೆ ಅಲ್ಲ.

## ಹಂತ 2: ಕೇಳಿ, ಆದರೆ ಉತ್ತರ ಬಾಯಿಗೆ ತುರುಕಬೇಡಿ

"ಹಾಲು ಸಾಕಾಗ್ತಿದೆಯಾ?" ಅಂತ ಕೇಳಿದರೆ ಹೆಚ್ಚಿನ ತಾಯಂದಿರು "ಇಲ್ಲ" ಅನ್ನುತ್ತಾರೆ. ಪ್ರಶ್ನೆಯಲ್ಲೇ ಅನುಮಾನ ಇದೆ, ಅಲ್ವಾ? ಬದಲಿಗೆ "ನಿನ್ನೆಯಿಂದ ಮಗು ಹೇಗೆ ಹಾಲು ಕುಡಿಯುತ್ತಿದೆ, ಹೇಳಿ" ಅನ್ನಿ. ಕೇಳಿ ಸುಮ್ಮನಿರಿ. ಅಜ್ಜಿಯೋ ಗಂಡನೋ ಪಕ್ಕದಲ್ಲಿದ್ದು ಉತ್ತರ ಕೊಟ್ಟರೆ ಅದನ್ನೂ ಕೇಳಿಸಿಕೊಳ್ಳಿ. ಆಮೇಲೆ ತಾಯಿಯ ಕಡೆ ತಿರುಗಿ "ನಿಮಗೇನನ್ನಿಸುತ್ತೆ?" ಅಂತ ಕೇಳಿ.

ಇಷ್ಟು ಮಾಹಿತಿ ಬೇಕೇ ಬೇಕು: ಹುಟ್ಟಿದ ದಿನ ಮತ್ತು ಗಂಟೆ, ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟುತೂಕ, ಹೆರಿಗೆ ಹೇಗಾಯಿತು, ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಯಿತಾ, ತಾಯಿಗೆ ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ತೊಂದರೆ ಇದೆಯಾ, ಎದೆಗೆ ಹಿಂದೆ ಆಪರೇಷನ್ ಆಗಿದೆಯಾ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಕಳೆದ 24 ಗಂಟೆಯಲ್ಲಿ ಎಷ್ಟು ಸಲ ಹಾಲು, ಎಷ್ಟು ಮೂತ್ರ, ಎಷ್ಟು ಮಲ, ಯಾವ ಬಣ್ಣ.

ಮೊದಲ ವಾರದಲ್ಲಿ ವಯಸ್ಸನ್ನು ಗಂಟೆಯಲ್ಲಿ ಬರೆಯಿರಿ. ರಾತ್ರಿ 11ಕ್ಕೆ ಹುಟ್ಟಿದ ಮಗುವಿಗೆ ಬೆಳಿಗ್ಗೆ "ಎರಡನೇ ದಿನ" ಅಂತ ಬರೆದರೆ ಎಲ್ಲಾ ಲೆಕ್ಕ ಹಾಳು. ಅದಕ್ಕಿನ್ನೂ 10 ಗಂಟೆ ಆಗಿರಲಿಕ್ಕಿಲ್ಲ. ಹುಟ್ಟಿದಾಗಿನಿಂದ ಮೊದಲ 24 ಗಂಟೆ ಒಂದನೇ ದಿನ. ಕ್ಯಾಲೆಂಡರ್ ನೋಡಬೇಡಿ.

## ಹಂತ 3: ಕೈ ಕಟ್ಟಿಕೊಂಡು ನೋಡಿ

ಇದು ಎಲ್ಲರಿಗೂ ಕಷ್ಟವಾಗುವ ಹಂತ. ತಾಯಿ ದಿನವೂ ಹೇಗೆ ಕುಡಿಸುತ್ತಾರೋ ಹಾಗೇ ಕುಡಿಸಲಿ. ಮೊದಲ ಕೆಲವು ನಿಮಿಷ ಏನೂ ಹೇಳಬೇಡಿ. ನೋವು ಜಾಸ್ತಿ ಆಗಿ ಮುಖ ಹಿಂಡುತ್ತಿದ್ದರೆ ಮಾತ್ರ ಮಧ್ಯೆ ಬಾಯಿ ಹಾಕಿ.

ಮಗು ಮಲಗಿದ್ದರೆ ಹಸಿವಿನ ಸುಳಿವಿಗೆ ಕಾಯಿರಿ: ಅಲುಗಾಡುವುದು, ಬಾಯಿ ತೆರೆಯುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುವುದು, ಕೈ ಬಾಯಿಗೆ ಒಯ್ಯುವುದು. ಅಳು ತಡವಾಗಿ ಬರುವ ಸುಳಿವು. ಕೆಂಪಾಗಿ ಅಳುತ್ತಿರುವ ಕೂಸನ್ನು ಎದೆಗೆ ಒತ್ತಿದರೆ ನಾಲಿಗೆ ಮೇಲಕ್ಕೆ ಹೋಗಿರುತ್ತದೆ, ಬಾಯಿ ಹಿಡಿಯುವುದಿಲ್ಲ. ಮೊದಲು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಸಮಾಧಾನವಾಗಲಿ.

ಹಿಡಿದುಕೊಂಡ ರೀತಿಯಲ್ಲಿ ನಾಲ್ಕು ವಿಷಯ ನೋಡಿ. ಮಗುವಿನ ತಲೆ ಮತ್ತು ಮೈ ಒಂದೇ ನೇರದಲ್ಲಿ ಇದೆಯಾ? ಮೈ ತಾಯಿಗೆ ಅಂಟಿಕೊಂಡಂತೆ ಹತ್ತಿರ ಇದೆಯಾ? ಪೂರ್ತಿ ಮೈಗೆ ಆಸರೆ ಇದೆಯಾ, ಬರೀ ಕುತ್ತಿಗೆಗೆ ಮಾತ್ರವಾ? ಮುಖ ಎದೆಯ ಕಡೆ ಇದ್ದು ಮೂಗು ತೊಟ್ಟಿನ ಎದುರಿಗೆ ಇದೆಯಾ? ಹೆಚ್ಚಾಗಿ ಕಾಣುವ ತಪ್ಪು: ಹೊಟ್ಟೆ ಮೇಲ್ಮುಖ, ತಲೆ ಮಾತ್ರ ಪಕ್ಕಕ್ಕೆ. ಕುತ್ತಿಗೆ ತಿರುಚಿಕೊಂಡು ನೀರು ಕುಡಿದು ನೋಡಿ, ಆ ಮಗುವಿಗೆ ನುಂಗುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

## ಹಂತ 4: ಲ್ಯಾಚ್ ಅನ್ನು ಹತ್ತಿರದಿಂದ ನೋಡುವುದು

ತಾಯಿಯ ಒಪ್ಪಿಗೆ ಕೇಳಿ ಪಕ್ಕದಲ್ಲಿ ಕೂತುಕೊಳ್ಳಿ. ಮೇಲಿಂದ ಬಗ್ಗಿ ನೋಡಿದರೆ ಕೆಳತುಟಿ ಕಾಣುವುದಿಲ್ಲ. ಕಣ್ಣು ಮಗುವಿನ ಗದ್ದದ ಮಟ್ಟಕ್ಕೆ ಬರಬೇಕು.

ಸರಿಯಾದ ಲ್ಯಾಚ್‌ಗೆ ನಾಲ್ಕು ಗುರುತು. ಬಾಯಿ ಅಗಲವಾಗಿ ತೆರೆದಿದೆ. ಕೆಳತುಟಿ ಹೊರಕ್ಕೆ ಮಡಚಿದೆ. ಗದ್ದ ಎದೆಗೆ ತಾಗಿದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ, ಅಂದರೆ ಏರಿಯೋಲಾ, ಮೇಲ್ತುಟಿಯ ಮೇಲೆ ಜಾಸ್ತಿ, ಕೆಳತುಟಿಯ ಕೆಳಗೆ ಕಡಿಮೆ ಕಾಣುತ್ತದೆ. "ಏರಿಯೋಲಾ ಪೂರ್ತಿ ಬಾಯೊಳಗೆ ಹೋಗಬೇಕು" ಅಂತ ಹೇಳಿಕೊಡುವವರಿದ್ದಾರೆ. ಅದು ತಪ್ಪು. ಏರಿಯೋಲಾ ಒಬ್ಬೊಬ್ಬರಿಗೆ ಒಂದೊಂದು ಗಾತ್ರ. ಎಷ್ಟು ಒಳಗೆ ಹೋಯಿತು ಅನ್ನುವುದಕ್ಕಿಂತ ಮೇಲೆ ಕೆಳಗೆ ಎಷ್ಟು ಉಳಿಯಿತು ಅನ್ನುವುದನ್ನು ನೋಡಿ.

ಈಗ ದವಡೆ ನೋಡಿ. ಶುರುವಿನಲ್ಲಿ ಚಿಕ್ಕ ಚಿಕ್ಕ, ಬೇಗ ಬೇಗ ಚೀಪುವಿಕೆ. ಹಾಲು ಹರಿಯತೊಡಗಿದ ಮೇಲೆ ಲಯ ಬದಲಾಗುತ್ತದೆ. ಗದ್ದ ಕೆಳಗೆ ಹೋಗುತ್ತದೆ, ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ, ಆಮೇಲೆ ಮೇಲೆ ಬರುತ್ತದೆ. ಆ ನಿಂತ ಕ್ಷಣದಲ್ಲೇ ಬಾಯಿಗೆ ಹಾಲು ತುಂಬುವುದು. ಹಿಂದೆಯೇ ಮೆಲ್ಲಗೆ "ಕ್ಹಾ" ಅನ್ನುವ ಉಸಿರಿನ ಸದ್ದು, ಅದೇ ಗುಟುಕು. ಮೊದಲ ಎರಡು ದಿನ ಗುಟುಕು ಅಪರೂಪಕ್ಕೆ ಕೇಳಿಸುತ್ತದೆ, ಹಾಲು ಇಳಿದ ಮೇಲೆ, ಅಂದರೆ ಎದೆ ತುಂಬಿಕೊಂಡ ಮೇಲೆ, ಒಂದೆರಡು ಚೀಪಿಗೆ ಒಂದು ಗುಟುಕು. ಕೆನ್ನೆ ದುಂಡಗಿರಬೇಕು. ಕೆನ್ನೆ ಒಳಕ್ಕೆ ಎಳೆದುಕೊಂಡು ಗುಳಿ ಬೀಳುತ್ತಿದ್ದರೆ, ಟಕ್ ಟಕ್ ಅಂತ ನಾಲಿಗೆಯ ಸದ್ದು ಬರುತ್ತಿದ್ದರೆ ಬಾಯಿಯ ಹಿಡಿತ ಸರಿ ಇಲ್ಲ.

ಹಾಲು ಬಿಟ್ಟ ಕೂಡಲೇ ತೊಟ್ಟು ನೋಡಿ. ಕೆಲವು ಸೆಕೆಂಡಿಗೆಲ್ಲಾ ಆಕಾರ ಬದಲಾಗಿಬಿಡುತ್ತದೆ, ತಡ ಮಾಡಬೇಡಿ. ತೊಟ್ಟು ದುಂಡಗಿದ್ದು ಸ್ವಲ್ಪ ಉದ್ದವಾಗಿದ್ದರೆ ಸರಿ. ಹೊಸ ಲಿಪ್‌ಸ್ಟಿಕ್‌ನ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಅಥವಾ ತುದಿಯಲ್ಲಿ ಬಿಳಿ ಗೆರೆ ಮೂಡಿದ್ದರೆ, ಮಗು ತೊಟ್ಟನ್ನು ಮಾತ್ರ ಕಚ್ಚಿಕೊಂಡಿತ್ತು. ಹೊರಗಿಂದ ಲ್ಯಾಚ್ ಎಷ್ಟೇ ಚೆಂದ ಕಂಡಿರಲಿ, ನಾನು ಈ ತೊಟ್ಟನ್ನೇ ನಂಬುತ್ತೇನೆ.

## ಹಂತ 5: ಒಂದೇ ಒಂದು ತಿದ್ದುಪಡಿ

ಐದು ತಪ್ಪು ಕಂಡಿರಬಹುದು. ಐದನ್ನೂ ಒಟ್ಟಿಗೆ ಹೇಳಿದರೆ ಬಾಣಂತಿಗೆ ಉಳಿಯುವುದು ಒಂದೇ: "ನನಗೆ ಏನೂ ಬರಲ್ಲ". ಯಾವುದನ್ನು ತಿದ್ದಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೋ ಅದನ್ನು ಆರಿಸಿ. ಸಾಮಾನ್ಯವಾಗಿ ಅದು ಮಗುವಿನ ಮೈಯನ್ನು ಇನ್ನೂ ಹತ್ತಿರ ತರುವುದು.

ಮೊದಲು ಬಿಡಿಸಬೇಕು. ತೊಟ್ಟನ್ನು ಹಾಗೇ ಎಳೆಯಬಾರದು. ತಾಯಿ ತನ್ನ ಶುದ್ಧವಾದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿದರೆ ಹಿಡಿತ ಸಡಿಲವಾಗುತ್ತದೆ. ಆಮೇಲೆ ಮೂಗನ್ನು ತೊಟ್ಟಿನ ಎದುರು ತರಲಿ. ತೊಟ್ಟಿನಿಂದ ಮೇಲ್ತುಟಿ ಸವರಿ, ಬಾಯಿ ಅಗಲವಾಗುವ ತನಕ ಕಾಯಲಿ. ಅರ್ಧ ತೆರೆದಾಗಲೇ ಅವಸರಪಟ್ಟರೆ ಮತ್ತೆ ಅದೇ ಕಥೆ. ಬಾಯಿ ಅಗಲವಾದ ಕೂಡಲೇ ಗದ್ದ ಮೊದಲು ತಾಗುವಂತೆ ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನ ಬಾಯಿಗೆ ಬಗ್ಗಿಸಬಾರದು.

ಆಸರೆ ಭುಜ ಮತ್ತು ಕುತ್ತಿಗೆಯ ಹಿಂದೆ ಇರಲಿ. ತಲೆಯ ಹಿಂಭಾಗ ಹಿಡಿದು ಒತ್ತಿದರೆ ಮಗು ಹಿಂದಕ್ಕೆ ಬಿಲ್ಲಾಗುತ್ತದೆ. ಆಗ "ಮಗುವಿಗೆ ಎದೆ ಬೇಡ" ಅಂತ ನೋಟ್ ಬರೆದುಬಿಡುತ್ತಾರೆ! ಅದಕ್ಕೆ ಬೇಡದೆ ಇದ್ದದ್ದು ನಿಮ್ಮ ಕೈ.

ಮೊದಲ ದಿನಗಳಲ್ಲಿ ಬಾಯಿ ಹಾಕಿದಾಗ ಕೆಲವು ಸೆಕೆಂಡ್ ಎಳೆದಂತಾಗುವುದು ಇದೆ. ಕೊನೆತನಕ ನೋವಿದ್ದರೆ ಅದು ಸಹಜ ಅಲ್ಲ. ಬಾಯಿ ಹಿಡಿದ ರೀತಿ ತಿದ್ದಿದ ಮೇಲೂ ನೋವು ಹೋಗದಿದ್ದರೆ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯಾ ಅಂತ ವೈದ್ಯರು ನೋಡಲಿ. ಪೊರೆ ಕಂಡ ಮಾತ್ರಕ್ಕೆ ಕತ್ತರಿಸಬೇಕು ಅಂತ ಸಲಹೆಗಾರರು ಹೇಳಬಾರದು.

## ಹಂತ 6: ಹಾಲು ಒಳಗೆ ಹೋಯಿತಾ?

ಎಷ್ಟು ನಿಮಿಷ ಕುಡಿಯಿತು ಅನ್ನುವುದು ಇದಕ್ಕೆ ಉತ್ತರ ಅಲ್ಲ. 40 ನಿಮಿಷ ಬಾಯಲ್ಲಿಟ್ಟುಕೊಂಡು ಏನೂ ನುಂಗದ ಮಗು ಇದೆ. 10 ನಿಮಿಷದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಮಗುವೂ ಇದೆ. "ಒಂದೊಂದು ಕಡೆ 15 ನಿಮಿಷ" ಅನ್ನುವ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಒಂದು ಎದೆಯನ್ನು ಮಗು ತಾನಾಗಿ ಬಿಟ್ಟ ಮೇಲೆ ಇನ್ನೊಂದನ್ನು ಕೊಡಲಿ. ದಿನಕ್ಕೆ 8ರಿಂದ 12 ಸಲ ಕುಡಿಯುವುದು ಹಸುಗೂಸಿಗೆ ಮಾಮೂಲು.

ಮೊದಲ 24 ಗಂಟೆಯಲ್ಲಿ ಒಂದು ಸಲಕ್ಕೆ ಸುಮಾರು 2ರಿಂದ 10 ಮಿಲಿ ಕೊಲೊಸ್ಟ್ರಮ್, ಅಂದರೆ ಮೊದಲು ಬರುವ ಗಿಣ್ಣು ಹಾಲು, ಸಿಕ್ಕರೆ ಸಾಕು. ಚಮಚದ ಲೆಕ್ಕ. ಈ ಅಂಕಿಯನ್ನು ಮನೆಯವರಿಗೆಲ್ಲಾ ಹೇಳಿ. ಎಷ್ಟೋ ಕಡೆ ಮೊದಲ ರಾತ್ರಿಯೇ ಬಾಟಲಿ ಬರುವುದು ಇದು ಗೊತ್ತಿಲ್ಲದೆ.

ಒದ್ದೆ ಬಟ್ಟೆಗಳ ಲೆಕ್ಕ: ಮೊದಲ ದಿನ ಕನಿಷ್ಠ 1 ಮೂತ್ರ, ಎರಡನೇ ದಿನ 2, ಮೂರನೇ ದಿನ 3. ಐದನೇ ದಿನದಿಂದ 6 ಅಥವಾ ಹೆಚ್ಚು, ಅದೂ ತಿಳಿ ಬಣ್ಣದ್ದು. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಪುಡಿ ಕಾಣಬಹುದು. ಅದು ಯೂರೇಟ್ ಹರಳು, ರಕ್ತ ಅಲ್ಲ. ನಾಲ್ಕನೇ ದಿನದ ನಂತರವೂ ಕಂಡರೆ ಹಾಲು ಸಾಲುತ್ತಿಲ್ಲ ಅಂತ ಅನುಮಾನಿಸಿ. ಮಲ ಮೊದಲು ಕಪ್ಪಗೆ ಅಂಟಂಟಾಗಿ ಹೋಗುತ್ತದೆ, ಅದು ಮೆಕೋನಿಯಮ್. ಆಮೇಲೆ ಹಸಿರುಗಪ್ಪು, ಐದನೇ ದಿನದ ಹೊತ್ತಿಗೆ ಹಳದಿ. ಐದನೇ ದಿನವೂ ಕಪ್ಪು ಮಲವೇ ಹೋಗುತ್ತಿದ್ದರೆ ಅವತ್ತೇ ತೂಕ ನೋಡಿ.

ತೂಕದ ಲೆಕ್ಕದಲ್ಲಿ ತಪ್ಪುವವರು ತುಂಬಾ. ಇಳಿಕೆಯನ್ನು ಹುಟ್ಟುತೂಕದಿಂದ ಭಾಗಿಸಬೇಕು, ಇವತ್ತಿನ ತೂಕದಿಂದ ಅಲ್ಲ. ಹುಟ್ಟುತೂಕ 3,000 ಗ್ರಾಂ, ಇವತ್ತು 2,760 ಗ್ರಾಂ ಅಂದುಕೊಳ್ಳಿ. ಇಳಿದದ್ದು 240. 240 ಅನ್ನು 3,000ದಿಂದ ಭಾಗಿಸಿ 100ರಿಂದ ಗುಣಿಸಿದರೆ 8%. ಸುಮಾರು 7%ವರೆಗೆ ಇಳಿಯುವುದು ಸಾಮಾನ್ಯ. ಅದಕ್ಕಿಂತ ಮೇಲೆ ಹೋದರೆ ಒಂದು ಹಾಲೂಡಿಕೆಯನ್ನು ಪೂರ್ತಿ ಗಮನಿಸಲೇಬೇಕು. 10% ಮುಟ್ಟಿದರೆ ವೈದ್ಯರ ಪರೀಕ್ಷೆ ಕಡ್ಡಾಯ. ಹೆಚ್ಚಿನ ಮಕ್ಕಳು 10ರಿಂದ 14 ದಿನದೊಳಗೆ ಹುಟ್ಟುತೂಕಕ್ಕೆ ವಾಪಸ್ ಬರುತ್ತವೆ. ಅದೇ ತಕ್ಕಡಿ, ಬಟ್ಟೆ ಇಲ್ಲದೆ. ಒಂದು ದಿನ ಡಯಪರ್ ಜೊತೆ, ಇನ್ನೊಂದು ದಿನ ಬರಿಮೈ ತೂಗಿದರೆ ಆ ಅಂಕಿಗೆ ಬೆಲೆ ಇಲ್ಲ.

## ಹಂತ 7: ಹಾಲು ಸಾಲುತ್ತಿಲ್ಲ ಅಂತ ಖಚಿತವಾದರೆ

ಮೂರು ಕೆಲಸ, ಇದೇ ಕ್ರಮದಲ್ಲಿ: ಮಗುವಿಗೆ ಹೊಟ್ಟೆಗೆ ಸಿಗಬೇಕು, ತಾಯಿಯ ಎದೆಯಿಂದ ಹಾಲು ಹೊರಬರುತ್ತಲೇ ಇರಬೇಕು, ಆಮೇಲೆ ಲ್ಯಾಚ್‌ನ ಅಭ್ಯಾಸ. ಹಸಿದು ಸುಸ್ತಾದ ಕೂಸಿನ ಜೊತೆ ಗಂಟೆಗಟ್ಟಲೆ ಲ್ಯಾಚ್ ಅಭ್ಯಾಸ ಮಾಡಿಸುವುದು ತಿರುಗುಮುರುಗು ಕೆಲಸ.

ಕೈಯಲ್ಲಿ ಹಿಂಡುವುದನ್ನು ಹೀಗೆ ಕಲಿಸಿ. ಹೆಬ್ಬೆರಳು ತೊಟ್ಟಿನ ಮೇಲ್ಭಾಗದಲ್ಲಿ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಕೆಲವು ಸೆಂಟಿಮೀಟರ್ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು. ಆಮೇಲೆ ಬೆರಳುಗಳನ್ನು ಕೂಡಿಸಿ ಅದುಮಬೇಕು, ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಹಿಂಡಬಾರದು. ಮೊದಲ ಒಂದೆರಡು ನಿಮಿಷ ಏನೂ ಬರದಿರಬಹುದು. ಬೆರಳುಗಳ ಜಾಗ ಬದಲಿಸುತ್ತಾ ಹೋಗಲಿ.

ಹಿಂಡಿದ ಹಾಲನ್ನು ಚಮಚದಲ್ಲೋ ಸಣ್ಣ ಬಟ್ಟಲಲ್ಲೋ ಕೊಡಿ. ಮಗು ಎಚ್ಚರವಾಗಿರಲಿ, ಕೂತ ಹಾಗೆ ನೇರವಾಗಿರಲಿ. ಬಟ್ಟಲಿನ ಅಂಚು ಕೆಳತುಟಿಗೆ ತಾಗಿ ಹಾಲು ತುಟಿಯವರೆಗೆ ಬಂದು ನಿಲ್ಲಬೇಕು. ಬಾಯೊಳಗೆ ಸುರಿಯಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಹಿಂಡಿದ ಹಾಲು ಸಿಗದೆ ಹೋದರೆ ಬೇರೆ ಏನು, ಎಷ್ಟು ಕೊಡಬೇಕು ಅನ್ನುವುದು ವೈದ್ಯರ ತೀರ್ಮಾನ.

## ಹಂತ 8: ಅದಲುಬದಲಾಗುವ ಪದಗಳು

ಇಲ್ಲಿ ತಪ್ಪಿದರೆ ನೋಟ್ ಮಾತ್ರ ಅಲ್ಲ, ಚಿಕಿತ್ಸೆಯೂ ತಪ್ಪುತ್ತದೆ.

ಹಾಲು ತಡ, ಹಾಲು ಕಡಿಮೆ. ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ದಿನ ಎದೆ ತುಂಬುತ್ತದೆ. 72 ಗಂಟೆ ದಾಟಿದರೂ ತುಂಬದಿದ್ದರೆ "ಹಾಲು ಇಳಿಯುವುದು ತಡವಾಗಿದೆ" ಅಂತ ಬರೆಯಿರಿ. ಸಿಸೇರಿಯನ್, ಸಕ್ಕರೆ ಕಾಯಿಲೆ, ಜಾಸ್ತಿ ರಕ್ತಸ್ರಾವ, ಗರ್ಭಕೋಶದಲ್ಲಿ ಉಳಿದ ಕಸದ (ಮಾಸು) ಚೂರು ಇವೆಲ್ಲಾ ಕಾರಣ ಇರಬಹುದು. 30 ಗಂಟೆಯ ಬಾಣಂತಿಗೆ "ಹಾಲು ಕಡಿಮೆ" ಅಂತ ಬರೆಯುವುದಕ್ಕೆ ಅರ್ಥವೇ ಇಲ್ಲ.

ಎದೆ ತುಂಬುವುದು, ಎಂಗೋರ್ಜ್‌ಮೆಂಟ್, ಮಾಸ್ಟೈಟಿಸ್, ಬಾವು. ಎದೆ ತುಂಬಿದಾಗ ಭಾರ ಇರುತ್ತದೆ, ಹಾಲು ಹರಿಯುತ್ತದೆ. ಎಂಗೋರ್ಜ್‌ಮೆಂಟ್‌ನಲ್ಲಿ ಚರ್ಮ ಬಿಗಿದು ಹೊಳೆಯುತ್ತದೆ, ತೊಟ್ಟು ಚಪ್ಪಟೆಯಾಗುತ್ತದೆ, ಹಾಲು ಸರಿಯಾಗಿ ಹರಿಯುವುದಿಲ್ಲ. ಆಗ ತೊಟ್ಟಿನ ಬುಡದ ಸುತ್ತ ಬೆರಳಿಟ್ಟು ಒಂದು ನಿಮಿಷ ಮೆಲ್ಲಗೆ ಎದೆಗೂಡಿನ ಕಡೆ ಒತ್ತಿದರೆ ಮಗು ಹಿಡಿಯುವಷ್ಟು ಮೆತ್ತಗಾಗುತ್ತದೆ. ಮಾಸ್ಟೈಟಿಸ್, ಅಂದರೆ ಎದೆಯ ಉರಿಯೂತ, ಸಾಮಾನ್ಯವಾಗಿ ಒಂದೇ ಎದೆಯಲ್ಲಿ: ಕೆಂಪು, ನೋವು, ಜ್ವರ, ಮೈಕೈ ನೋವು. ಹಾಲು ಕುಡಿಸುವುದನ್ನು ನಿಲ್ಲಿಸಬಾರದು, ಜೋರಾಗಿ ತಿಕ್ಕಲೂಬಾರದು. ನೋವಿರುವ ಗಡ್ಡೆ ಹೋಗದೆ ಹಾಗೇ ಉಳಿದರೆ ಅದು ಕೀವು ತುಂಬಿದ ಬಾವು ಇರಬಹುದು, ಸ್ಕ್ಯಾನ್ ಬೇಕು.

ಹಾಲು ಸಾಲದ ಕಾಮಾಲೆ, ಎದೆಹಾಲಿನ ಕಾಮಾಲೆ. ಇವೆರಡನ್ನು ಬೆರೆಸುವಷ್ಟು ಬೇರೆ ಯಾವುದನ್ನೂ ಬೆರೆಸುವುದಿಲ್ಲ. ಮೊದಲನೆಯದು ಮೊದಲ ವಾರದಲ್ಲಿ, ತೂಕ ಇಳಿದ, ಮೂತ್ರ ಮಲ ಕಡಿಮೆ ಇರುವ ಮಗುವಿಗೆ. ಮದ್ದು ಅಂದರೆ ಹಾಲು ಜಾಸ್ತಿ ಸಿಗುವಂತೆ ಮಾಡುವುದು, ಬೇಕಾದರೆ ಫೋಟೋಥೆರಪಿ (ವಿಶೇಷ ದೀಪದ ಬೆಳಕಿನ ಚಿಕಿತ್ಸೆ). ಎರಡನೆಯದು ಚೆನ್ನಾಗಿ ತೂಕ ಏರುತ್ತಿರುವ ಮಗುವಿಗೆ, ವಾರಗಟ್ಟಲೆ ಉಳಿಯುತ್ತದೆ. ಆದರೆ 14 ದಿನ ದಾಟಿದ ಯಾವ ಕಾಮಾಲೆಗೂ ನೀವೇ ಈ ಹೆಸರು ಕೊಟ್ಟು ಸುಮ್ಮನಾಗಬೇಡಿ. ಮಲ ಬಿಳಿಚಿದ್ದು ಮೂತ್ರ ಗಾಢ ಹಳದಿ ಇದ್ದರೆ ಪಿತ್ತನಾಳದ ತೊಂದರೆ ಇರಬಹುದು, ಅಲ್ಲಿ ಒಂದೊಂದು ದಿನವೂ ಮುಖ್ಯ.

ಅವಧಿಗೆ ಮುನ್ನ, ಕಡಿಮೆ ತೂಕ. 37 ವಾರ ತುಂಬುವ ಮೊದಲು ಹುಟ್ಟಿದ್ದು ಮೊದಲನೆಯದು, 2,500 ಗ್ರಾಂಗಿಂತ ಕಡಿಮೆ ಇದ್ದದ್ದು ಎರಡನೆಯದು. 35 ವಾರದ ಮಗು ನೋಡಲು ದಷ್ಟಪುಷ್ಟವಾಗಿದ್ದರೂ ಬೇಗ ಸುಸ್ತಾಗಿ ನಿದ್ದೆಹೋಗುತ್ತದೆ. "ಒಳ್ಳೇ ಮಗು, ಅಳೋದೇ ಇಲ್ಲ" ಅನ್ನುವ ಮಾತು ಕೇಳಿದರೆ ನಾನು ಮೊದಲು ಕೇಳುವುದು ಎಷ್ಟು ವಾರಕ್ಕೆ ಹುಟ್ಟಿತು ಅಂತ.

ಕಕ್ಕುವುದು, ವಾಂತಿ. ತೇಗಿನ ಜೊತೆ ಸ್ವಲ್ಪ ಹಾಲು ಸುರಿದರೆ ಕಕ್ಕುವುದು. ಪ್ರತಿ ಸಲವೂ ದೂರಕ್ಕೆ ಚಿಮ್ಮಿದರೆ ವಾಂತಿ, ವೈದ್ಯರಿಗೆ ತೋರಿಸಿ.

ಬರೀ ಎದೆಹಾಲು. ನೀರೂ ಇಲ್ಲ. ವೈದ್ಯರು ಬರೆದ ಔಷಧಿ, ವಿಟಮಿನ್ ಹನಿ, ಓಆರ್‌ಎಸ್ ಕೊಟ್ಟಿದ್ದರೆ ಅದು ಬರೀ ಎದೆಹಾಲೇ. ವಿಶ್ವ ಆರೋಗ್ಯ ಸಂಸ್ಥೆ 6 ತಿಂಗಳವರೆಗೆ ಹೇಳುವುದು ಇದನ್ನೇ.

## ಹಂತ 9: ನೋಟ್ ಬರೆಯುವುದು

ಕಂಡದ್ದು ಮೊದಲು, ನಿಮ್ಮ ಅಭಿಪ್ರಾಯ ಆಮೇಲೆ. ಲ್ಯಾಚ್ ಸ್ಕೋರ್ ಹಾಕುವ ಪದ್ಧತಿ ಇದ್ದರೆ ಹಾಕಿ, ಆದರೆ 10ಕ್ಕೆ 6 ಅಂತ ಬರೆದು ಬಿಟ್ಟರೆ ಅಂಕ ಎಲ್ಲಿ ಕಡಿಮೆಯಾಯಿತು ಅಂತ ಗೊತ್ತಾಗುವುದಿಲ್ಲ. ಹೀಗೆ ಬರೆಯಬಹುದು:

"ವಯಸ್ಸು 76 ಗಂಟೆ, 38 ವಾರ. ಹುಟ್ಟುತೂಕ 3,000 ಗ್ರಾಂ, ಈಗ 2,760 (8% ಇಳಿಕೆ). ಉಸಿರು 44, ತಾಪಮಾನ 36.8. ಕಳೆದ 24 ಗಂಟೆಯಲ್ಲಿ ಹಾಲು 7 ಸಲ, ಮೂತ್ರ 2, ಮಲ 1, ಹಸಿರುಗಪ್ಪು. ಎಡ ಎದೆಯಲ್ಲಿ ಗಮನಿಸಿದ್ದು: ಗದ್ದ ತಾಗಿರಲಿಲ್ಲ, ಕೆಳತುಟಿ ಒಳಗೆ, ಗುಟುಕು ಅಪರೂಪ, ಬಿಟ್ಟ ಮೇಲೆ ತೊಟ್ಟು ಓರೆ. ಮೈ ಹತ್ತಿರ ತಂದು ಮತ್ತೆ ಹಾಕಿಸಿದ ಮೇಲೆ ಗದ್ದ ತಾಗಿತು, ಗುಟುಕು ಕೇಳಿಸಿತು, ತಾಯಿಗೆ ನೋವು ಕಡಿಮೆ. ಎದೆ ಎರಡೂ ತುಂಬಿವೆ. ಅಭಿಪ್ರಾಯ: ಲ್ಯಾಚ್ ಆಳವಿಲ್ಲದೆ ಹಾಲು ಸಾಕಷ್ಟು ಸಿಗುತ್ತಿಲ್ಲ. ಯೋಜನೆ: ದಿನಕ್ಕೆ ಕನಿಷ್ಠ 8 ಸಲ, ಪ್ರತಿ ಸಲದ ನಂತರ ಹಿಂಡಿ ಚಮಚದಲ್ಲಿ. ವೈದ್ಯರಿಗೆ ಇವತ್ತೇ ತಿಳಿಸಲಾಗಿದೆ. 24 ಗಂಟೆಯೊಳಗೆ ಮತ್ತೆ ತೂಕ."

"ತಾಯಿ ಸಹಕರಿಸುತ್ತಿಲ್ಲ", "ಮಗು ಸೋಮಾರಿ", "ತೊಟ್ಟು ಕೆಟ್ಟದಾಗಿದೆ" ಇಂಥವು ಬೇಡ. ಮಗು ಸೋಮಾರಿ ಅಂತ ಬರೆದ ಕಡೆಯೆಲ್ಲಾ "ಎಬ್ಬಿಸಿದರೂ ಎರಡು ನಿಮಿಷದಲ್ಲಿ ನಿದ್ದೆಹೋಯಿತು" ಅಂತ ಬರೆದಿದ್ದರೆ ಯಾರಾದರೂ ಕಾರಣ ಹುಡುಕುತ್ತಿದ್ದರು.

ತಾಯಿಗೆ ಒಂದು ಚೀಟಿ ಕೊಟ್ಟು ಹೊರಡಿ. ಅದರಲ್ಲಿ ಮುಂದಿನ ತೂಕದ ದಿನ, ಒದ್ದೆ ಬಟ್ಟೆ ಗುರುತು ಹಾಕಲು ಜಾಗ, ತಕ್ಷಣ ಕರೆತರಬೇಕಾದ ಲಕ್ಷಣಗಳು ಇರಲಿ. ಚೀಟಿಯಲ್ಲಿರುವುದನ್ನು ಅವರ ಮಾತಿನಲ್ಲೇ ಒಮ್ಮೆ ಹೇಳಿಸಿ. ಹೇಳುವಾಗ ಎಲ್ಲಿ ತಡವರಿಸುತ್ತಾರೋ ಅಷ್ಟನ್ನು ಮತ್ತೆ ವಿವರಿಸಿದರೆ ಸಾಕು.